ಏಲಂನಲ್ಲಿ ಅನ್ನುವ ‘ನಂದು’

ಗಂಗೊಳ್ಳಿ ಬಂದರಿನ ಏಲಂನಲ್ಲಿ ‘ನಂದು’ ಅಂದರೆ ಮೀನೆಲ್ಲ ನನ್ನದು ಅಂತಲ್ಲ. ಗೊತ್ತಿಲ್ಲದವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಎರಡು ವರ್ಷ ಪಟ್ಟ ಪಾಡು ತಲೆಗೆ ಹೋಗುವುದಿಲ್ಲ. ಏಲಂ ಕೂಗುವವನು ದರ ಏರಿಸುತ್ತಾ ಹೋಗುತ್ತಾನೆ. ಕಡೆಗೆ ಯಾರು ‘ನಂದು’ ಅಂತಾರೋ ಆ ರಾಶಿ ಅವರ ತಲೆಗೆ, ದುಡ್ಡಿಗೆ ಅವರೇ ಜವಾಬ್ದಾರರು. ನಮ್ಮ ಕಡೆಯಿಂದ ಕೂಗುತ್ತಿದ್ದವಳು ನಾನು, ಗಂಟಲು ದೊಡ್ಡದು ಅಂತ. ಹಿಂದೆ ಹತ್ತು ಹೆಂಗಸರು ಬುಟ್ಟಿ ಹಿಡಿದು ನಿಂತಿರುತ್ತಿದ್ದರು. ನಾನು ‘ನಂದು’ ಅಂದದ್ದೇ ರಾಶಿ ಹನ್ನೊಂದು ಪಾಲಾಗುತ್ತಿತ್ತು. ಮಾರಲು ಒಬ್ಬಳು ಹಾಲಾಡಿ ಬಸ್ಸಿಗೆ, ಒಬ್ಬಳು ಗುಲ್ವಾಡಿಗೆ, ನಾನು ನಮ್ಮೂರು ಬೈಂದೂರಿಗೆ. ಒಬ್ಬೊಬ್ಬಳೇ ಹೋದರೆ ದಲ್ಲಾಳಿ ಆರಿಸಿ ಬಿಟ್ಟ ಮೀನೇ ಗತಿ. ಒಟ್ಟಾದರೆ ರಾಶಿಗೇ ಕೈ ಹಾಕಬಹುದು.

ಏಲಂನವರು ದುಡ್ಡನ್ನು ವಾರಕ್ಕೊಮ್ಮೆ ಬ್ಯಾಂಕಿನಿಂದಲೇ ಕೊಡಿ ಅಂದರು. ಖಾತೆ ಮಾಡಿದೆವು. ಹೆಸರು ನನ್ನದು, ಹನ್ನೊಂದು ಜನರಲ್ಲಿ ಸಹಿ ಹಾಕಲು ಬರುತ್ತಿದ್ದವಳು ನಾನೊಬ್ಬಳೇ. ಸಾಕ್ಷರತೆಯವರು ಕೇರಿಗೆ ಬಂದು ಕಲಿಸಿದ ನಾಲ್ಕು ಅಕ್ಷರ ಅದು. ಎಲ್ಲರ ದುಡ್ಡೂ ಆ ಖಾತೆಗೆ ಬೀಳುತ್ತಿತ್ತು, ಅಲ್ಲಿಂದಲೇ ಹೋಗುತ್ತಿತ್ತು.

ಹಾಗೆ ಸುಮಾರು ವರ್ಷ ನಡೆದ ಮೇಲೆ ಒಂದು ಇಂಗ್ಲಿಷ್ ಕಾಗದ ಬಂತು. ಸೊಸೆ ಓದಿದಳು.

“ಅತ್ತೆ, ಇನ್‌ಕಮ್ ಟ್ಯಾಕ್ಸಿನವ್ರ್ ಕಾಗ್ದ. ಬ್ಯಾಂಕಿಗ್ ಇಷ್ಟ್ ದುಡ್ಡ್ ಹಾಕಿದ್ರಿ, ಎಲ್ಲಿಂದ ಬಂತ್ ಅಂದ್ ಕೇಳ್ತ್ರ್.”

“ಸಮುದ್ರದಿಂದ ಬಂತ್ ಅಂದ್ ಬರಿ,” ಅಂದೆ.

ಅವಳು ನಗಲಿಲ್ಲ. ನಾನು ಕಾಗದ ಮಡಚಿ ಪಾಸ್‌ಬುಕ್ಕಿನೊಳಗೆ ಇಟ್ಟೆ.

ಇಂಥದ್ದನ್ನೆಲ್ಲ ಸರಿಮಾಡಿಕೊಡುವ ಕಂಪನಿಯೊಂದು ಬ್ರಹ್ಮಾವರದಲ್ಲಿ ಇದೆ ಅಂತ ಯಾರೋ ಹೇಳಿದರು. ಹೋದೆ. ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಆಫೀಸು, ಬೋರ್ಡಿನಲ್ಲಿ ದೊಡ್ಡದಾಗಿ ‘ತೆರಿಗೆ ಪರಿಹಾರ’. ಕೂಡಿಸಿ ಕೂಡಿಸಿ ಓದಿದೆ. ನನಗೆ ಗೊತ್ತಿದ್ದ ಪರಿಹಾರ ದೋಣಿ ಮುಳುಗಿದಾಗ ಸರಕಾರ ಕೊಡುವ ದುಡ್ಡು. ಇವರೂ ಏನೋ ಕೊಡುವವರೇ ಅಂದುಕೊಂಡು ಮೆಟ್ಟಿಲು ಹತ್ತಿದೆ. ಕೊಡುವವಳು ನಾನು ಅಂತ ಮೇಲೆ ಹೋದ ಮೇಲೆ ಗೊತ್ತಾಯಿತು.

ಮೇಜಿನ ಹಿಂದೆ ಇಸ್ತ್ರಿ ಅಂಗಿಯ ಮನುಷ್ಯ. ಪಾಸ್‌ಬುಕ್ ತಿರುವಿ ಕೇಳಿದ, “ಇದೆಲ್ಲ ನಿಮ್ದೇ ಅಲ್ವಾ ಅಮ್ಮ?”

“ನಂದು,” ಅಂದೆ. ಬಾಯಿಗೆ ಬಂದದ್ದೇ ಅದು.

ಅವನು ಬರೆದ. ನಾನು ಸಹಿ ಹಾಕಿದೆ. ಇನ್ನು ಕಾಗದಗಳೆಲ್ಲ ತನ್ನ ಆಫೀಸಿಗೇ ಬರುತ್ತವೆ, ನೀವು ತಲೆಬಿಸಿ ಮಾಡಬೇಡಿ, ಮೂರು ತಿಂಗಳಿಗೊಮ್ಮೆ ಫೀಸು ಕೊಟ್ಟರಾಯಿತು ಅಂದ. ಕೊಟ್ಟೆ. ಹೋದಾಗಲೆಲ್ಲ “ಫೈಲ್ ಮೇಲೆ ಹೋಗಿದೆ ಅಮ್ಮ” ಅನ್ನುತ್ತಿದ್ದ. ನಾನು ಮೇಲೆ ನೋಡಿದರೆ ಫ್ಯಾನು ತಿರುಗುತ್ತಿತ್ತು.

ಉಳಿದ ಹತ್ತು ಜನರಿಗೆ ಇದನ್ನು ಹೇಳಲಿಲ್ಲ. ‘ನಂದು’ ಅಂದವಳು ನಾನು, ಹೊರಬೇಕಾದವಳೂ ನಾನೇ ಅಂದುಕೊಂಡಿದ್ದೆ. ಹೇಳಿದರೆ ಹೆದರಿ ಒಬ್ಬೊಬ್ಬಳೇ ಜಾರುತ್ತಾಳೆ, ಮತ್ತೆ ದಲ್ಲಾಳಿ ಕಾಲಿಗೆ ಬೀಳಬೇಕು ಅನ್ನುವ ಭಯವೂ ಇತ್ತು.

ಎರಡು ವರ್ಷ ಆದ ಮೇಲೆ ಅವನೇ ಫೋನು ಮಾಡಿ ಕರೆಸಿದ. ತೆರಿಗೆ, ದಂಡ, ಬಡ್ಡಿ ಸೇರಿಸಿ ಕಟ್ಟಬೇಕು ಅಂತ ಕಾಗದ ಬಂದಿದೆ ಅಂದ. ಮನೆ ಹಿಂದೆ ನಾನು ಮೀನು ಒಣಗಿಸುವ ಐದು ಸೆಂಟ್ಸ್ ಜಾಗ ಮಾರಿದರೆ ಅಷ್ಟಾಗುತ್ತಿತ್ತು. “ಅರ್ಧಕ್ಕೆ ಇಳಿಸ್ತೇವೆ ಅಮ್ಮ. ಮುಂದಿನ ವರ್ಷದ್ದಕ್ಕೆ ಈಗ್ಲೇ ಸಹಿ ಹಾಕಿ, ಅರ್ಧ ಫೀಸು ಮುಂಗಡ. ಸೋಮವಾರದೊಳಗೆ ಹೇಳಿ.”

ಪೆನ್ನು ಕೈಗೆ ಕೊಟ್ಟ. ನಾನು ಹಿಡಿದುಕೊಂಡು ಕೂತೆ. ತಾಜಾ ಹೌದೋ ಅಲ್ಲವೋ ಅಂತ ಕಿವಿರು ಎತ್ತಿ ನೋಡದೆ ಒಂದು ಬಂಗುಡೆ ಮೀನನ್ನೂ ತಂದವಳಲ್ಲ ನಾನು. ನನ್ನದೇ ಕಾಗದವನ್ನು ಎರಡು ವರ್ಷ ಎತ್ತಿ ನೋಡಿರಲಿಲ್ಲ.

“ಇಷ್ಟ್ ದಿನ ಎಂತ ಬರ್ದಿದ್ರಿ, ಓದಿ ಕಾಂಬ,” ಅಂದೆ.

“ಇಂಗ್ಲಿಷಲ್ಲಿದೆ ಅಮ್ಮ, ನಿಮ್ಗೆ ಅರ್ಥ ಆಗೂದಿಲ್ಲ.”

“ಕನ್ನಡದಲ್ಲಿ ಹೇಳಿ. ಕಿವಿ ಇತ್ತ್ ನಂಗೆ.”

ಓದಿದ. ಈ ಹಣವೆಲ್ಲ ನನ್ನದು, ನನ್ನ ವ್ಯಾಪಾರದ್ದು, ಕಾಯಿದೆ ತಿಳಿಯದ ಮುದುಕಿ, ದಯೆ ತೋರಿಸಿ ಅಂತ ಇತ್ತು.

“ನನ್ನದ್ ಅಂದ್ ಯಾರ್ ಹೇಳ್ರ್ ನಿಮ್ಗೆ?”

“ನೀವೇ ‘ನಂದು’ ಅಂದ್ರಲ್ಲ!”

“ನಂದು ಅಂದ್ರೆ ನಂದಲ್ಲ ಮರಾಯ್ರೆ!”

ಅವನು ನನ್ನ ಮುಖ ನೋಡಿದ, ಬಾಗಿಲ ಹತ್ತಿರ ಟೈಪು ಮಾಡುತ್ತಾ ಕೂತಿದ್ದ ಆಫೀಸಿನ ಹುಡುಗಿಯ ಮುಖ ನೋಡಿದ. ನಾನು ಬಂದರಿನ ಕತೆಯೆಲ್ಲ ಹೇಳಿದೆ. ಕೇಳಿದ ಮೇಲೆ ದನಿ ತಗ್ಗಿಸಿದ. “ಈಗ ಇದನ್ನು ಬಾಯಿಬಿಟ್ರೆ ಆ ಹತ್ತು ಜನಕ್ಕೂ ನೋಟೀಸು ಹೋಗ್ತದೆ. ಬೇಕಾ ನಿಮ್ಗೆ? ನಮ್ಮನ್ನು ಬಿಟ್ರೆ ನಿಮ್ಗೇ ಕಷ್ಟ.”

ಪೆನ್ನು ಮೇಜಿನ ಮೇಲಿಟ್ಟು ಬಂದೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಬಸ್ಸಿನಲ್ಲಿ ಅದೇ ಯೋಚನೆ. ಅವನು ಕಳ್ಳನಲ್ಲ. ಅವನು ಕೇಳಿದ, ನಾನು ಅಂದೆ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಅವನನ್ನು ಬಿಟ್ಟರೆ ಇಂಗ್ಲಿಷ್ ಓದುವವರು ಯಾರು, ಆಫೀಸಿನಲ್ಲಿ ಮಾತಾಡುವವರು ಯಾರು? ಆದರೆ ನಿಮ್ಮ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಎರಡು ವರ್ಷದಲ್ಲಿ ಒಂದು ದಿನ ಅವನು ಕೇಳಿರಲಿಲ್ಲ. ಕೇಳದವನು ನನ್ನ ಪರವಾಗಿ ಎಂತ ಮಾತಾಡುತ್ತಾನೆ? ಮರವಂತೆಯಲ್ಲಿ ಸಮುದ್ರ ಕಾಣುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದೆ. ಮೊದಲು ಹತ್ತು ಜನರಿಗೆ ಹೇಳುವುದು. ಅವರು ಹ್ಞೂಂ ಅಂದರೆ ಕಂಪನಿ ಬೇಡ. ಅವರು ಕೈಬಿಟ್ಟರೆ ಸಹಿ ಹಾಕುವುದು.

ಮಾರನೇ ದಿನ ದೋಣಿ ಬರುವ ಮೊದಲೇ ಬುಟ್ಟಿ ಬೋರಲು ಹಾಕಿ ಕೂರಿಸಿ ಎಲ್ಲ ಹೇಳಿದೆ. ಹಾಲಾಡಿಯವಳು ಎದ್ದೇ ನಿಂತಳು.

“ಎರಡ್ ವರ್ಷ ನಮ್ಗ್ ಹೇಳ್ದೆ ಕೂತಿದ್ಯಲ್ಲೆ! ನೀನೆಂತ ನಮ್ಮ ಅಬ್ಬೆಯಾ? ನಮ್ಮ ದುಡ್ಡಿಗ್ ನೀ ಯಾಕೆ ತೆರಿಗೆ ಕಟ್ಟೂದ್?”

“ನೋಟೀಸ್ ಬಂದ್ರೆ?” ಅಂತ ಗುಲ್ವಾಡಿಯವಳು.

“ಬರ್ಲಿ ಬಿಡೆ,” ಅಂದಳು ಹಾಲಾಡಿಯವಳು. “ ನನ್ನ ಹೆಸ್ರಿಗ್ ಇಷ್ಟ್ ವರ್ಷದಲ್ ಒಂದ್ ಕಾಗ್ದ ಬರ್ಲಿಲ್ಲ. ಬಂದ್ರೆ ಗಾಜಿನ ಕಟ್ಟ್ ಹಾಕ್ಸಿ ಗೋಡೆಗ್ ತೂಗ್ ಹಾಕ್ತೆ.”

ನಕ್ಕವರು ಕೆಲವರೇ. ಇಬ್ಬರು, ಗಂಡಂದಿರು ಬೈಯುತ್ತಾರೆ ಅಂತ ಬುಟ್ಟಿ ಎತ್ತಿಕೊಂಡು ಹೋದರು. ಎಂಟು ಜನ ಉಳಿದರು. ನನಗೆ ಎಂಟು ಸಾಕಿತ್ತು.

ಸೋಮವಾರ ಬ್ರಹ್ಮಾವರಕ್ಕೆ ಹೋಗಿ ಫೈಲು ಕೇಳಿದೆ. “ಅಮ್ಮ, ನಿಮ್ಮ ಹತ್ರ ಆಗೂ ಕೆಲ್ಸ ಅಲ್ಲ ಇದು,” ಅಂದ. “ಆಗ್ದಿದ್ರೆ ಜಾಗ ಮಾರ್ತೆ. ನಿಮ್ಮನ್ನ್ ಇಟ್ಕಂಡ್ರೂ ಅರ್ಧ ಜಾಗ ಹೋತ್,” ಅಂದೆ. ಹಿಂದೆ ಕೊಟ್ಟ ಫೀಸು ಕೇಳಲಿಲ್ಲ, ಅವನೂ ಕೊಡಲಿಲ್ಲ. ನೀವು ಇನ್ನು ನನ್ನ ಪರ ಅಲ್ಲ ಅಂತ ಅವನ ಕೈಯಲ್ಲೇ ಬರೆಸಿಕೊಂಡು, ಅದನ್ನೂ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿದೆ.

ತೆರಿಗೆ ಆಫೀಸಿಗೆ ಒಂಬತ್ತು ಹೆಂಗಸರು, ಸೊಸೆ ಸೇರಿ ಹತ್ತು ಜನ ಹೋದೆವು. ಮೀನಿನ ವಾಸನೆಗೆ ಗುಮಾಸ್ತ ಕಿಟಕಿ ತೆಗೆದ. ಆಫೀಸರು ಕಾಗದ ನೋಡಿ, “ಎಲ್ಲ ನಿಮ್ಮದು ಅಂತ ಇಲ್ಲಿದೆಯಲ್ಲ?” ಅಂದರು. ನಾಲಿಗೆಯ ತುದಿಗೆ ಮತ್ತೆ ಅದೇ ಮಾತು ಬಂದಿತ್ತು. ಹಲ್ಲು ಕಚ್ಚಿದೆ. ಹಿಂದಿನಿಂದ ಹಾಲಾಡಿಯವಳು ಏಲಂನ ದನಿಯಲ್ಲೇ “ನಂದೂ ಇತ್ತ್” ಅಂದಳು. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬಳು. ಆಫೀಸರು ಕನ್ನಡಕ ತೆಗೆದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ಸೊಸೆ ಕನ್ನಡದಲ್ಲಿ ಬರೆದಳು, ಹೆಂಗಸರು ಹೆಬ್ಬೆಟ್ಟು ಒತ್ತಿದರು. ಆಮೇಲೂ ನಾಲ್ಕು ಸಲ ಓಡಾಡಿಸಿದರು. ಬಂದರಿನಿಂದ ಚೀಟಿ ತನ್ನಿ, ಅದು ತನ್ನಿ, ಇದು ತನ್ನಿ. ತಂದೆವು.

ಕಡೆಗೆ ನನ್ನ ಪಾಲಿನದ್ದಕ್ಕೆ ಮಾತ್ರ ಲೆಕ್ಕ ಮಾಡಿ ಸಣ್ಣದೊಂದು ಮೊತ್ತ ಕಟ್ಟಲು ಹೇಳಿದರು. ಕಟ್ಟಿದೆ. ಬೇರೆ ಯಾರಿಗೂ ನೋಟೀಸು ಬರಲಿಲ್ಲ. ಹಾಲಾಡಿಯವಳಿಗೆ ಅದೊಂದು ಬೇಜಾರು.

ಬುಟ್ಟಿ ಎತ್ತಿಕೊಂಡು ಹೋದ ಇಬ್ಬರೂ ಮಳೆಗಾಲ ಕಳೆದ ಮೇಲೆ ಬಂದು ನನ್ನ ಹಿಂದೆ ನಿಂತರು. ಬೈದೆ, ಸೇರಿಸಿಕೊಂಡೆ. ಹನ್ನೊಂದು ಜನರೂ ಸೇರಿ ಒಂದು ಸಂಘ ಮಾಡಿಕೊಂಡೆವು. ಬ್ಯಾಂಕಿಗೆ ಹೋಗಿ ಖಾತೆಯನ್ನು ಆ ಸಂಘದ ಹೆಸರಿಗೆ ಮಾಡಿಸಿದೆ. ಅಲ್ಲಿನ ಹುಡುಗಿ ಫಾರಂ ತುಂಬುತ್ತಾ, “ಇದು ನಿಮ್ದಾ ಅಜ್ಜಿ?” ಅಂದಳು.

“ಮೊದ್ಲ್ ಅಲ್ಲಿ ಎಂತ ಬರಿತ್ರಿ ಹೇಳಿ. ಮತ್ತೆ ಹೇಳ್ತೆ,” ಅಂದೆ.