ಮಂಡಳಿಯಲ್ಲಿ ಶರಣಪ್ಪ ಕಾಕಾ

ಮಾತಿಗೆ ಮೊದಲು ಹೆಗಲ ಮೇಲಿನ ಟವೆಲ್ ಝಾಡಿಸುವುದು ಶರಣಪ್ಪ ಕಾಕಾನ ಚಾಳಿ. ಶಹಾಪುರದ ನಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಅವನು ಮಷೀನಿಗೆ ಹತ್ತಿ ಹಾಕುವವನು, ನಾನು ಆಫೀಸಿನ ಕ್ಲರ್ಕ್. ಆ ಟವೆಲ್ಲಿನ ಹತ್ತಿಧೂಳು ಡೈರೆಕ್ಟರುಗಳ ಚಹಾದಲ್ಲಿ ಬಿದ್ದದ್ದನ್ನು ಕಣ್ಣಾರೆ ಕಂಡು ಖುಷಿಪಟ್ಟಿದ್ದೇನೆ.

ಅವನು ಡೈರೆಕ್ಟರುಗಳ ಮಂಡಳಿಗೆ ಹೋದದ್ದು ಜರ್ಮನಿಯವರ ಕೃಪೆ. ಅಲ್ಲಿನ ಕಂಪನಿಯೊಂದು ನಮ್ಮ ಮಿಲ್ಲಿನಲ್ಲಿ ಪಾಲು ತಗೊಂಡಿತು. ಅವರ ದೇಶದಲ್ಲಿ ದೊಡ್ಡ ಕಂಪನಿಗಳ ಮಂಡಳಿಯಲ್ಲಿ ಕೆಲಸಗಾರರಿಗೂ ಕುರ್ಚಿ, ಮತ. ನಮ್ಮಲ್ಲಿ ಆ ಕಟ್ಟುಪಾಡಿಲ್ಲ. ಆದರೂ ಹಟ ಹಿಡಿದರು: ಕೆಲಸಗಾರ ಸದಸ್ಯ ಒಬ್ಬ ಬೇಕು, ಅವನಿಲ್ಲದ ಸಭೆ ಸಭೆಯೇ ಅಲ್ಲ. ಮಾಲೀಕರು ಹುಡುಕಿ ಹುಡುಕಿ, ಎಲ್ಲದಕ್ಕೂ ‘ಹೌದ್ರಿ’ ಅನ್ನುವ ಕಾಕಾನನ್ನು ಆರಿಸಿದರು. ಪಾಪ, ಮೋಸಹೋದರು.

ಕಾಕಾನದು ಒಂದೇ ಮಾತು. “ಧೂಳು ಎಳಿಯೋ ಫ್ಯಾನ್ ಹಾಕಸ್ರಿ. ಹತ್ತಿ ಆರಸೋ ಹೆಣ್ಮಕ್ಕಳು ಕೆಮ್ಮಿ ಕೆಮ್ಮಿ ಸಾಯಾಕತ್ತಾರ.” ಮಾಲೀಕರು “ನೋಡೂಣು” ಅನ್ನುವರು, ಚಹಾ ಬರುವುದು, ಸಭೆ ಮುಗಿಯುವುದು. ಒಮ್ಮೆ ಜರ್ಮನಿಯ ಸಾಹೇಬ ಬಂದಾಗ ಕಾಕಾ ನನ್ನ ಕಡೆಯಿಂದ ಕೇಳಿಸಿದ: “ನಿಮ್ಮಲ್ಲಿ ಕೂಲಿಯಂವ ಏನರ ಕೇಳಿದ್ರ ಏನ್ ಮಾಡ್ತೀರಿ?”

“ಚರ್ಚೆ ಮಾಡಿ ಮತಕ್ಕೆ ಹಾಕುತ್ತೇವೆ” ಅಂದ ಸಾಹೇಬ.

“ನಮ್ಮಲ್ಲಿ ಚಹಾ ತರಸ್ತಾರ್ರಿ.”

ಅದನ್ನೂ ನಾನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಮಾಲೀಕರು ನನ್ನನ್ನು ಕೆಕ್ಕರಿಸಿ ನೋಡಿದರು.

ಮುಂದಿನ ಸಭೆಗೆ ಕಾಕಾನೇ ಬರಲಿಲ್ಲ. ಕರೆಯಲು ಹೋದರೆ ಹತ್ತಿಯ ರಾಶಿಯ ಮುಂದೆ ಆರಾಮಾಗಿ ಕೂತಿದ್ದ. “ತಮ್ಮಾ, ನಮ್ಮ ದೇವಾಪುರದಾಗ ಬದುವಿನ ಜಗಳ ಬಂದ್ರ ಪಂಚರು ಹೊಲಕ್ಕೇ ಬರ್ತಾರ. ಕಟ್ಟಿ ಮ್ಯಾಲ ಕುಂತು ನ್ಯಾಯ ಹೇಳೂದಿಲ್ಲ. ಹೋಗು, ಅವರನ್ನ ಇಲ್ಲಿಗೇ ಕರಕೊಂಡ್ ಬಾ.”

ಅವನಿಲ್ಲದೆ ಸಭೆಯಿಲ್ಲವಲ್ಲ! ಕುರ್ಚಿಗಳನ್ನು ಹೊರಿಸಿಕೊಂಡು ಎಲ್ಲರೂ ಮಷೀನುಗಳ ನಡುವೆ ಬಂದು ಕೂತರು. ಮಾಲೀಕರ ಕರ್ಚೀಫು ಮೂಗಿನಿಂದ ಕೆಳಗಿಳಿಯಲಿಲ್ಲ. ಹಿಂದಿನ ಸಭೆಯ ನಡಾವಳಿ ಓದಿ ಮುಗಿಸುವುದರೊಳಗೆ ಫ್ಯಾನ್ ಮಂಜೂರಾಯಿತು.

ಫ್ಯಾನ್ ಬಂತು. ಅದರ ಬೆನ್ನಿಗೇ ಕಾಕಾನಿಗೆ ಸೂಪರ್‌ವೈಜರ್ ಬಡ್ತಿಯೂ ಬಂತು. ಸೂಪರ್‌ವೈಜರ್ ಅಂದಮೇಲೆ ಕೆಲಸಗಾರನಲ್ಲ, ಹಾಗಾಗಿ ಮಂಡಳಿಯಿಂದ ಹೊರಗೆ. ಮಾಲೀಕರೇ ಹಾರ ಹಾಕಿ ಕೈಮುಗಿದರು. ಕೆಲಸಗಾರರ ಪರವಾಗಿ ಈಗ ಅಲ್ಲಿ ಕೂಡುವವನು ಮಾಲೀಕರ ಡ್ರೈವರ್.

ಹೋದ ಬೇಸಿಗೆಯಲ್ಲಿ ಕಾಕಾ ಹಾಸಿಗೆ ಹಿಡಿದನೆಂದು ಕೇಳಿ ದೇವಾಪುರಕ್ಕೆ ಹೋದೆ. ಇಷ್ಟು ವರ್ಷ ಎದೆಗೆ ಸೇರಿದ ಧೂಳನ್ನು ಯಾವ ಫ್ಯಾನು ಎಳೆದೀತು?

“ಹೆಣ್ಮಕ್ಕಳು ಇನ್ನಾ ಕೆಮ್ಮತಾರೇನು?” ಅಂದ.

“ಇಲ್ಲ ಕಾಕಾ.”

“ಹಂಗಾದ್ರ ಸಭಾ ಬರಖಾಸ್ತ್.”

ನಗಲು ಹೋದ, ಕೆಮ್ಮು ಬಿಡಲಿಲ್ಲ. ಆ ವಾರವೇ ತೀರಿಕೊಂಡ.