ಎರಡು ದಿಕ್ಕಿಗೆ ಕೋಳಿ ಕೊಯ್ದ ಯಿಮರ್

ಯಿಮರ್ ಬೆಲಾಯ್ ಐವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾಗುತ್ತೇನೆ ಎಂದಾಗ ಇಥಿಯೋಪಿಯಾದ ದೆಸ್ಸಿ ಊರಿನ ನಮ್ಮ ಓಣಿಯಲ್ಲಿ ಸಂತೋಷಪಟ್ಟವರಿಗಿಂತ ಹೆದರಿದವರೇ ಹೆಚ್ಚು. ಅವನೇನು ಕೆಟ್ಟವನಲ್ಲ. ಧಾನ್ಯದ ಹಳೇ ಪೇಟೆಯಲ್ಲಿ ಗೋಣಿಚೀಲದ ಬಾಯಿ ಹೊಲಿಯುವ ಕೆಲಸ. ಕುಡಿತವಿಲ್ಲ, ಜಗಳವಿಲ್ಲ. ಹೆದರಿಕೆ ಯಾಕೆ ಎಂದು ಹೇಳಬೇಕಾದರೆ ಕೋಳಿಯಿಂದ ಶುರು ಮಾಡಬೇಕು.

ನಮ್ಮಲ್ಲಿ ಹೆಂಗಸು ಕೋಳಿ ಕೊಯ್ಯುವಂತಿಲ್ಲ. ಸಾಕಬಹುದು, ಹಿಡಿಯಬಹುದು, ಪುಕ್ಕ ಕೀಳಬಹುದು. ಹನ್ನೆರಡು ತುಂಡು ಲೆಕ್ಕ ತಪ್ಪದಂತೆ ಬಿಡಿಸಿ, ಏಳು ನೀರಿನಲ್ಲಿ ತೊಳೆದು, ಅರ್ಧ ದಿನ ಈರುಳ್ಳಿ ಹುರಿದು ಸಾರು ಮಾಡಬಹುದು. ಕುತ್ತಿಗೆಯ ಮೇಲೆ ಚಾಕು ಆಡಿಸುವ ಆ ಒಂದು ಗಳಿಗೆಗೆ ಮಾತ್ರ ಗಂಡಸು ಬೇಕು. ಹಾಗಾಗಿ ಗಂಡನಿಲ್ಲದವರು ಹಬ್ಬದ ಬೆಳಗ್ಗೆ ಒಂದು ಕೈಯಲ್ಲಿ ಕೋಳಿ, ಇನ್ನೊಂದು ಕೈಯಲ್ಲಿ ಚಾಕು ಹಿಡಿದು ಬಾಗಿಲಲ್ಲಿ ನಿಂತು ದಾರಿಹೋಕರನ್ನು ಕರೆಯುತ್ತೇವೆ.

ಯಾವ ಗಂಡಸಾದರೂ ಆಗುವುದಿಲ್ಲ. ಕ್ರಿಸ್ತಾನರ ಕೋಳಿಯನ್ನು ಕ್ರಿಸ್ತಾನನೇ ಪೂರ್ವಕ್ಕೆ ತಿರುಗಿಸಿ, ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳಿ ಕೊಯ್ಯಬೇಕು. ಮುಸಲ್ಮಾನರ ಕೋಳಿಯನ್ನು ಮುಸಲ್ಮಾನನೇ ಉತ್ತರಕ್ಕೆ, ಮೆಕ್ಕಾದ ಕಡೆಗೆ ತಿರುಗಿಸಿ ಬಿಸ್ಮಿಲ್ಲಾ ಹೇಳಬೇಕು. ಅವರದು ನಮಗಾಗದು, ನಮ್ಮದು ಅವರಿಗಾಗದು. ಮಿಕ್ಕಿದ್ದೆಲ್ಲ ಆಗುತ್ತದೆ. ಒಂದೇ ಕೆಂಡದ ಕಾಫಿ ಕುಡಿಯುತ್ತೇವೆ, ಅವರ ಹೆಣಕ್ಕೆ ನಾವು ಹೆಗಲು ಕೊಡುತ್ತೇವೆ, ನಮ್ಮ ಮಕ್ಕಳಿಗೆ ಅವರು ಹಾಲೂಡಿಸಿದ್ದಾರೆ. ಕೋಳಿ ಮಾತ್ರ ಬೇರೆ.

ಯಿಮರ್ ಈ ಊರಿಗೆ ಬಂದದ್ದು ನನ್ನ ಗಂಡ ತೀರಿಕೊಂಡ ವರ್ಷ. ಈಸ್ಟರಿನ ಹಿಂದಿನ ದಿನ ಮಧ್ಯಾಹ್ನ ನಾನು ಕೋಳಿ ಹಿಡಿದು ನಿಂತಿದ್ದೆ. ಅವನು ಹೆಗಲಿಗೆ ದಬ್ಬಣದ ಚೀಲ ಹಾಕಿಕೊಂಡು ಬಂದ. ಕರೆದೆ. ನನ್ನ ಲಂಗಕ್ಕೆ ಒಂದು ಹನಿ ಸಿಡಿಯದಂತೆ ಕೊಯ್ದುಕೊಟ್ಟ. ಅಂದಿನಿಂದ ಹತ್ತೊಂಬತ್ತು ವರ್ಷ ಈಸ್ಟರ್, ಕ್ರಿಸ್ಮಸ್, ಹೊಸ ವರ್ಷ ಮೂರಕ್ಕೂ ಅವನೇ. ಐವತ್ತೇಳು ಕೋಳಿ ಆಗಬೇಕಿತ್ತು. ಒಂದನ್ನು ಕಾಡುಬೆಕ್ಕು ಒಯ್ದಿತು, ಐವತ್ತಾರು. ಮೂರು ಬಟ್ಟಲು ಕಾಫಿ ಕುಡಿದು ಹೋಗುತ್ತಿದ್ದ. ಊಟಕ್ಕೆ ಕೂತವನಲ್ಲ. ಒತ್ತಾಯ ಮಾಡಿದರೆ, "ಹೊಟ್ಟೆ ಸರಿಯಿಲ್ಲ ಅಕ್ಕಾ" ಅನ್ನುತ್ತಿದ್ದ. ಹತ್ತೊಂಬತ್ತು ವರ್ಷ ಸರಿಯಾಗದ ಹೊಟ್ಟೆ ಅದೆಂಥದು ಎಂದು ನಾನೂ ಕೇಳಲಿಲ್ಲ.

ಹೋದ ವರ್ಷ ಕೆಳಗಿನ ಓಣಿಯ ಲುಬಾಬಾಳ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಅವಳು ನನ್ನ ಪಕ್ಕದ ಮನೆಗೆ ಬಂದಳು. ಅವಳೂ ನನ್ನಂತೆ ವಿಧವೆ, ಆದರೆ ಮುಸಲ್ಮಾನ ಹೆಂಗಸು. ಆ ವರ್ಷ ಅವರ ರಂಜಾನ್ ಹಬ್ಬ ಮತ್ತು ನಮ್ಮ ಹೊಸ ವರ್ಷ ಒಂದರ ಬೆನ್ನಿಗೊಂದು ಬಂದವು. ಅವಳ ಹಬ್ಬದ ದಿನ ಗೋಡೆಯಾಚೆಯಿಂದ ಕೂಗಿದಳು:

"ಬಿರ್ಕೆ, ನಾಳೆ ನಿನ್ನ ಕೋಳಿ ಕೊಯ್ಯೋಕೆ ಯಾರು ಬರ್ತಾರೆ?"

"ನಮ್ಮ ಯಿಮರ್."

"ಯಾವ ಯಿಮರ್?"

"ದಬ್ಬಣದ ಯಿಮರ್. ಊರಲ್ಲಿ ಇನ್ನೆಷ್ಟು ಯಿಮರ್ ಇದಾರೆ?"

ಆ ಕಡೆ ಸೌಟಿನ ಸದ್ದು ನಿಂತಿತು. ಆಮೇಲೆ ಅವಳ ಮುಖ ಗೋಡೆಯ ಮೇಲೆ ಬಂತು. "ಬೆಳಗ್ಗೆ ನಂದು ಕೊಯ್ದುಹೋದೋನೂ ಅವನೇ ಕಣೇ. ಹದಿನಾಲ್ಕು ವರ್ಷದಿಂದ ಅವನೇ. ಕೆಳಗೆ ಒಂಬತ್ತು ಮನೆಗೂ ಅವನೇ."

"ಮೇಲೆ ಹನ್ನೊಂದು ಮನೆಗೆ" ಅಂದೆ.

ನಮ್ಮ ಇಬ್ಬರಲ್ಲಿ ಒಬ್ಬಳಂತೂ ಇಷ್ಟು ವರ್ಷ ತಿನ್ನಬಾರದ್ದು ತಿಂದಿದ್ದಾಳೆ. ಯಾರೆಂದು ಗೊತ್ತಿಲ್ಲ.

"ಈಗೇನು ಮಾಡೋದೇ?" ಅಂದೆ.

"ಈರುಳ್ಳಿ ಹುರಿದಾಗಿದೆ" ಅಂದಳು ಲುಬಾಬಾ, ಒಳಗೆ ಹೋದಳು.

ಮರುದಿನ ಯಿಮರ್ ಬಂದಾಗ ಬಾಗಿಲು ಹಾಕಿ ಕೂರಿಸಿ ಇಬ್ಬರೂ ಕೇಳಿದೆವು. ಅವನು ಮುಚ್ಚುಮರೆ ಮಾಡಲಿಲ್ಲ. "ಅಮ್ಮ ಮೇರಿಯಮ್ಮನ ಕಡೆಯವಳು, ಅಪ್ಪ ಮಹಮ್ಮದರ ಕಡೆಯವನು. ನಾನು ಮಾತು ಕಲಿಯೋ ಮೊದಲೇ ಇಬ್ಬರೂ ಹೋದರು. ಸಾಕಿದ ಅಜ್ಜಿ ಜ್ವರ ಬಂದರೆ ಇಗರ್ಜಿಯ ನೀರು ಕುಡಿಸೋಳು, ಇಳೀದಿದ್ರೆ ದರ್ಗಾಕ್ಕೆ ಹೊತ್ಕೊಂಡು ಹೋಗೋಳು. ನಾನು ಯಾವ ಕಡೆಯೋನು ಅಂತ ಯಾರೂ ಹೇಳಲಿಲ್ಲ."

"ಮತ್ತೆ ನಾನು ಅವತ್ತು ಕೇಳಿದಾಗ ಕ್ರಿಸ್ತಾನ ಅಂದ್ಯಲ್ಲೋ?"

"ನೀವು ಕೇಳಲಿಲ್ಲ ಅಕ್ಕಾ. 'ಕ್ರಿಸ್ತಾನ ತಾನೇ?' ಅಂದಿರಿ. ಇವರು 'ಮುಸಲ್ಮಾನ ತಾನೇ?' ಅಂದರು. ಇಬ್ಬರ ಕೈಯಲ್ಲೂ ಚಾಕು ಇತ್ತು."

ಲುಬಾಬಾಗೆ ನಗು ತಡೆಯಲಾಗಲಿಲ್ಲ. ನಾನು ನಗದೆ ಇನ್ನೊಂದು ಮಾತು ಕೇಳಿದೆ: "ಅದಕ್ಕೇ ಯಾರ ಮನೇಲೂ ಊಟ ಮಾಡಲ್ವಾ? ಪಾಪ ಅಂತ?"

"ಇಲ್ಲ ಅಕ್ಕಾ. ನಂಗೆ ಕೋಳಿ ಸೇರಲ್ಲ."

ನಾವು ಮೂವರೂ ಬಾಯಿ ಮುಚ್ಚಿಕೊಂಡೆವು. ಹತ್ತು ತಿಂಗಳು ಏನೂ ಆಗಲಿಲ್ಲ. ಆಮೇಲೆ ಈ ಮದುವೆ.

ಹುಡುಗಿ ಅನ್ನಲಾರೆ, ತೋಯ್ಬಾಗೆ ನಲವತ್ತೊಂದು. ಬಸ್ ನಿಲ್ದಾಣದ ಹತ್ತಿರ ದಪ್ಪ ರೊಟ್ಟಿ ಸುಟ್ಟು ಮಾರುತ್ತಾಳೆ. ಅವಳ ಹಿಟ್ಟಿನ ಚೀಲ ಹರಿದಾಗೆಲ್ಲ ಯಿಮರ್ ಹೊಲಿದುಕೊಡುತ್ತಿದ್ದ. ಕೊನೆಕೊನೆಗೆ ಆ ಚೀಲಗಳು ವಾರಕ್ಕೆ ಎರಡು ಸಲ ಹರಿಯತೊಡಗಿದವು. ಅವಳ ಅಣ್ಣ ಇಂದ್ರಿಸ್ ಲಾರಿಗೆ ಹೊರೆ ಹತ್ತಿಸುವವರ ಮೇಸ್ತ್ರಿ, ನಿಯಮದ ಮನುಷ್ಯ. ಸಂಬಂಧ ಕೇಳಿಸಿದಾಗ ಅವನು ಅಂದನಂತೆ: "ತಾನು ಹುಟ್ಟಾ ಮುಸಲ್ಮಾನ ಅಂತ ಶುಕ್ರವಾರ ನಾಲ್ಕು ಹಿರಿಯರ ಎದುರು ಹೇಳಲಿ. ಇಲ್ಲಾಂದ್ರೆ ನನ್ನ ತಂಗಿಯ ಆಸೆ ಬಿಡಲಿ."

ಬೇರೆಯವರಿಗಾದರೆ ಇದು ಕಷ್ಟವಲ್ಲ. ಹಿಂದೆ ಏನಾಗಿದ್ದರೂ ಇಂದಿನಿಂದ ಮುಸಲ್ಮಾನ ಎಂದರೆ ಮುಗಿಯಿತು, ನಮ್ಮಲ್ಲಿ ಹಾಗೆ ಆದವರು ಎಷ್ಟೋ ಇದ್ದಾರೆ. ಯಿಮರನಿಗೆ ಅದೂ ಆಗದು. ಇಂದಿನಿಂದ ಅಂದರೆ ನಿನ್ನೆಯವರೆಗೆ ಅಲ್ಲ ಎಂದಾಯಿತು, ಆಗ ಕೆಳಗಿನ ಒಂಬತ್ತು ಮನೆ ಹರಾಮು ತಿಂದವು. ಹುಟ್ಟಿನಿಂದಲೇ ಎಂದರೆ ಮೇಲಿನ ಹನ್ನೊಂದು ಮನೆ ಪ್ರಾಯಶ್ಚಿತ್ತಕ್ಕೆ ನಿಂತವು. ಯಾವ ಕಡೆಯೂ ಅಲ್ಲ ಎಂದರೆ ಇಪ್ಪತ್ತು ಮನೆಯೂ ಕೆಟ್ಟವು, ತೋಯ್ಬಾಳೂ ಹೋದಳು.

ಗುಟ್ಟು ಹೇಗೆ ಹೊರಬಿತ್ತೋ ತಿಳಿಯದು. ನಾನು ಹೇಳಿದ್ದು ನನ್ನ ಮಗಳಿಗೊಬ್ಬಳಿಗೆ, ಲುಬಾಬಾ ತನ್ನ ತಂಗಿಗೊಬ್ಬಳಿಗೆ.

ಬುಧವಾರ ನಮ್ಮ ಪಾದ್ರಿ ಅಬ್ಬಾ ಜೆಂಬೆರೆ ಕೊಡೆ ಹಿಡಿದುಕೊಂಡು ನನ್ನ ಮನೆಗೆ ಬಂದರು. ಪ್ರಸಾದ ಮುಟ್ಟುವ ಕೈ ರಕ್ತ ಮುಟ್ಟಬಾರದು, ಆದ್ದರಿಂದ ಅವರ ಮನೆಯ ಕೋಳಿ ಕೊಯ್ಯುತ್ತಿದ್ದವನೂ ಯಿಮರನೇ.

"ಬಿರ್ಕೆ, ಆ ಯಿಮರ್ ನಿನ್ನ ಮಾತು ಕೇಳ್ತಾನೆ. ಅವನು ಕ್ರಿಸ್ತಾನ ಅಂತ ಹೇಳೋಕೆ ಹೇಳು."

"ಹಾಗಂದರೆ ಅವನ ಮದುವೆ ಮುರಿಯುತ್ತೆ ಅಬ್ಬಾ."

"ಮದುವೆ ಬೇರೆ ಸಿಗುತ್ತೆ. ನೀನು ತಿಂದದ್ದು ವಾಪಸ್ ಬರುತ್ತಾ?"

"ನಾನು ತಿಂದದ್ದು ರೆಕ್ಕೆ, ಕುತ್ತಿಗೆ ಅಬ್ಬಾ. ತೊಡೆ ಪ್ರತಿ ಸಲ ನಿಮ್ಮ ಮನೆಗೇ ಬರ್ತಿತ್ತು."

ಮಳೆ ನಿಲ್ಲುವ ಮೊದಲೇ ಅಬ್ಬಾ ಎದ್ದು ಹೋದರು.

ಅದೇ ದಿನ ಶೇಖ್ ನೂರ್ಯೆ ಯಿಮರನನ್ನು ಮಸೀದಿಯ ಜಗಲಿಗೆ ಕರೆಸಿದರಂತೆ. ಶೇಖ್ ಅವರ ಕಣ್ಣಿಗೆ ಪೊರೆ ಬಂದು ಒಂಬತ್ತು ವರ್ಷ. ಅಂದಿನಿಂದ ಅವರ ಮನೆಗೂ ಕೋಳಿ ಕೊಯ್ಯಲು ಯಿಮರನೇ ಹೋಗುತ್ತಿದ್ದ. "ಮಗಾ, ನೀನು ಮುಸಲ್ಮಾನ" ಎಂದರಂತೆ. ಯಿಮರ್, "ನಿಮಗೆ ಗೊತ್ತಿದ್ದರೆ ನೀವೇ ಹೇಳಿಬಿಡಿ, ನನಗೂ ನಿಜ ತಿಳಿಯಲಿ" ಎಂದನಂತೆ.

ಗುರುವಾರ ಅವನು ನನ್ನ ಹೊಸ್ತಿಲಲ್ಲಿ ಕೂತು ಅತ್ತ. ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. "ಅಕ್ಕಾ, ಎಲ್ಲರೂ ಅವರವರ ಹೊಟ್ಟೆ ನೋಡ್ಕೋತಿದಾರೆ. ಅವಳು ಒಬ್ಬಳೇ ನನ್ನ ಮುಖ ನೋಡಿದ್ದು. ನಾಳೆ ಸುಳ್ಳು ಹೇಳಿದರೆ ಅವಳ ಜೊತೆ ಹೇಗೆ ಬಾಳಲಿ? ನಿಜ ಹೇಳೋಣ ಅಂದರೆ ನನ್ನ ಹತ್ತಿರ ಅದು ಇಲ್ಲ."

ಶುಕ್ರವಾರ ಇಂದ್ರಿಸನ ಮನೆ ತುಂಬಿತ್ತು. ಹಿಂದೆಂದೂ ಅಲ್ಲಿಗೆ ಕಾಲಿಡದ ಅಬ್ಬಾ ಕರೆಯದೆಯೇ ಬಂದಿದ್ದರು. ಯಿಮರನಿಗೆ ಬಳಗವಿಲ್ಲದ್ದರಿಂದ ಅವನ ಕಡೆಗೆ ನಾನೂ ಲುಬಾಬಾಳೂ ಹೋಗಿ, ಮೂಲೆಯಲ್ಲಿ ತೋಯ್ಬಾ ಜೊತೆ ಕಾಫಿ ಹುರಿಯುತ್ತ ಕೂತೆವು.

ಇಂದ್ರಿಸ್ ಕೇಳಿದ: "ಯಿಮರ್, ಸುತ್ತಿ ಬಳಸಿ ಬೇಡ. ನೀನು ಹುಟ್ಟಿನಿಂದ ಯಾರು?"

ಯಿಮರ್ ಬಾಯಿ ತೆರೆಯುವಷ್ಟರಲ್ಲಿ ಅಬ್ಬಾ ಜೆಂಬೆರೆ ಅಂದರು: "ನಂಬಿಕೆ ಅನ್ನೋದು ಅವನಿಗೂ ದೇವರಿಗೂ ಬಿಟ್ಟದ್ದು. ನಾವ್ಯಾರು ಕೇಳೋಕೆ?" ಹೋದ ಈಸ್ಟರಿನಲ್ಲಿ, ನಾನು ಉಪವಾಸದಲ್ಲಿ ಬೆಣ್ಣೆ ಮುಟ್ಟಿದೆನೇ ಎಂದು ಮೂರು ಸಲ ಕೇಳಿದ್ದವರು ಇವರೇ.

"ಅಬ್ಬಾ ಹೇಳಿದ್ದು ಸರಿ" ಅಂದರು ಶೇಖ್ ನೂರ್ಯೆ. ಇಬ್ಬರೂ ಒಂದೇ ಮಾತು ಆಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಇಂದ್ರಿಸ್ ಬಿಡಲಿಲ್ಲ. "ಶೇಖ್ ಸಾಹೇಬರೇ, ನಿಕಾಹ್ ಓದೋರು ನೀವು. ಇವನು ಮುಸಲ್ಮಾನ ಅಂತ ಯಾರು ಹೊಣೆ?"

"ಅವನು ಕೊಯ್ದದ್ದನ್ನ ಒಂಬತ್ತು ವರ್ಷ ತಿಂದಿದೀನಿ. ಬೇರೆ ಮತದವರು ಕೊಯ್ದದ್ದು ನಾನು ತಿಂತೀನಾ?" ಅಂದರು ಶೇಖ್.

ಎಲ್ಲರೂ ತಲೆಯಾಡಿಸಿದರು. ಇದಕ್ಕಿಂತ ಗಟ್ಟಿ ಸಾಕ್ಷಿ ಏನು ಬೇಕು? ಅಬ್ಬಾರ ಮುಖ ಕೆಂಪಗಾಯಿತು. ಅವರ ಹತ್ತಿರವೂ ಅದೇ ಸಾಕ್ಷಿ ಇತ್ತು, ಅದೂ ಹತ್ತು ವರ್ಷ ಹಳೆಯದು. ಬಾಯಿ ತೆರೆದರು, ಸುತ್ತ ಒಮ್ಮೆ ನೋಡಿದರು, ಮುಚ್ಚಿದರು.

"ಅವನ ಬಾಯಿಂದ ಬರಲಿ" ಅಂದ ಇಂದ್ರಿಸ್.

ಯಿಮರ್ ಎದ್ದುನಿಂತ. "ಇಂದ್ರಿಸ್ ಅಣ್ಣ, ನನಗೆ..." ಅಂದ. ಮುಂದಿನ ಮಾತು 'ಗೊತ್ತಿಲ್ಲ' ಎಂಬುದು ನನಗೂ ಲುಬಾಬಾಗೂ ಗೊತ್ತಿತ್ತು.

ತೋಯ್ಬಾ ಎದ್ದು ಕಾಫಿ ತಟ್ಟೆ ಹಿಡಿದು ನಡುವೆ ಬಂದು ನಿಂತಳು. "ಅಣ್ಣಾ, ಅಮ್ಮ ತೀರಿ ವರ್ಷ ತುಂಬಿದ ದಿನದ ಊಟಕ್ಕೆ ನೀನು ಊರಲ್ಲಿರಲಿಲ್ಲ, ರಾತ್ರಿ ಬಂದೆ. ಎಂಟು ಕೋಳಿ ಯಾರು ಕೊಯ್ದದ್ದು ಗೊತ್ತಾ?"

"ಯಾರು?"

"ಈ ಯಿಮರ್. ನೀನು ಬಂದೋನೇ ತಟ್ಟೆ ಒರೆಸಿ ತಿಂದೆ. ಇನ್ನೂ ಸ್ವಲ್ಪ ಹಾಕು ಅಂದೆ. ನಿನ್ನ ಅರವತ್ತು ಹಮಾಲರೂ ತಿಂದರು. ಈಗ ಕೇಳು, ಜೋರಾಗಿ ಕೇಳು, ಅವನು ಯಾರು ಅಂತ. ಅವನು ಹೇಳ್ತಾನೆ. ಅವನಿಗೆ ಸುಳ್ಳು ಬರಲ್ಲ."

ಇಂದ್ರಿಸ್ ಯಿಮರನನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ತನ್ನ ಹಮಾಲರನ್ನು ನೋಡಿದ. ತಟ್ಟೆಯಿಂದ ಒಂದು ಬಟ್ಟಲು ತೆಗೆದುಕೊಂಡ. "ಸಕ್ಕರೆ ಕಮ್ಮಿ" ಅಂದ. ಆಮೇಲೆ, "ಮದುವೆ ಬರೋ ಗುರುವಾರ ಇಟ್ಕೊಳ್ಳಿ" ಅಂದ.

ಭಾನುವಾರ ಅಬ್ಬಾ ಜೆಂಬೆರೆ ಪೂಜೆಯ ಕೊನೆಯಲ್ಲಿ, ಮೇಲಿನ ಓಣಿಯವರೆಲ್ಲ ಏಳು ದಿನ ಉಪವಾಸ ಮಾಡಿ ದಿನಕ್ಕೆ ನಲವತ್ತು ಸಲ ಅಡ್ಡಬೀಳಬೇಕು, ಮಳೆಗಾಗಿ, ಎಂದು ಸಾರಿದರು. ಹೊರಗೆ ಮಳೆ ಎಂಥದೆಂದರೆ ಅವರ ಮಾತು ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಯಾರೋ ಕೇಳಿಯೂ ಬಿಟ್ಟರು. "ಮುಂದಿನ ವರ್ಷದ ಮಳೆಗೆ" ಅಂದರು ಅಬ್ಬಾ. ಕೆಳಗಿನ ಓಣಿಯಲ್ಲಿ ಶೇಖ್ ನೂರ್ಯೆ ಮೂರು ದಿನದ ಉಪವಾಸ ಹೇಳಿದರು, ದೂರ ಪ್ರಯಾಣ ಹೋದವರ ಕ್ಷೇಮಕ್ಕಾಗಿ. ಆ ತಿಂಗಳು ರಸ್ತೆ ಕೊಚ್ಚಿಹೋಗಿ ಯಾರೂ ಎಲ್ಲಿಗೂ ಹೋಗಿರಲಿಲ್ಲ. ನನಗೆ ಮಂಡಿನೋವು. ದಿನಕ್ಕೆ ಮೂವತ್ತೊಂದು ಸಲ ಅಡ್ಡಬಿದ್ದೆ, ಉಳಿದ ಒಂಬತ್ತನ್ನು ದೇವರ ಎಣಿಕೆಗೆ ಬಿಟ್ಟೆ.

ಗುರುವಾರ ನಿಕಾಹ್ ಆಯಿತು. ನಂಬಿಕೆಯ ಮಾತಾದ ಕಲಿಮಾವನ್ನು ಯಿಮರನ ಬಾಯಿಂದ ಹೇಳಿಸುವ ಗೊಡವೆಗೆ ಶೇಖ್ ಹೋಗಲಿಲ್ಲ. "ಅವನಿಗೆ ಬರುತ್ತೆ" ಎಂದು ನೇರ ಹೆಸರು ಓದಿದರು. ಊಟಕ್ಕೆ ಮಾತ್ರ ತೊಡಕಾಯಿತು. ನಮಗೆ ಉಪವಾಸ, ಮಾಂಸ ಆಗದು. ಅವರ ಕಡೆ ಕುರಿ ಕೊಯ್ಯಲು ಆ ದಿನ ಯಾರೂ ಮುಂದೆ ಬರಲಿಲ್ಲ. ಕೊಯ್ದವನು ಯಾರು ಎಂಬ ಮಾತು ಮತ್ತೆ ಏಳುವುದು ಬೇಡವೆಂದೋ ಏನೋ, ಎಲ್ಲರಿಗೂ ಕೈಯಲ್ಲಿ ಏನೋ ನೋವು. ತೋಯ್ಬಾ ಹಿಂದಿನ ದಿನವೇ ಎರಡು ದೊಡ್ಡ ಕೊಳಗ ಕೆಂಪು ಬೇಳೆ ಬೇಯಿಸಿದ್ದಳು. ಹೀಗೆ ನಮ್ಮ ಊರಿನ ಮದುವೆಯೊಂದರಲ್ಲಿ ಎರಡು ಅಡುಗೆಮನೆ ಇಲ್ಲದೆ, ಮೇಲಿನ ಓಣಿಯವರೂ ಕೆಳಗಿನ ಓಣಿಯವರೂ ಒಂದೇ ತಟ್ಟೆಯ ಇಂಜೆರಾ ರೊಟ್ಟಿ ಹರಿದು ತಿಂದರು. ಕಣ್ಣು ಕಾಣದ ಶೇಖ್ ಅವರ ಬಾಯಿಗೆ ಮೊದಲ ತುತ್ತು ಇಟ್ಟವರು ಪಕ್ಕದಲ್ಲಿ ಕೂತಿದ್ದ ಅಬ್ಬಾ.

ಶೇಖ್ ಅಗಿದು ನುಂಗಿ, "ಉಪ್ಪು ಜಾಸ್ತಿ" ಅಂದರು.

"ಕಮ್ಮಿಯಾಗಿದೆ" ಅಂದರು ಅಬ್ಬಾ.

"ಕಣ್ಣು ಹೋಗಿದೆ, ನಾಲಿಗೆ ಹೋಗಿಲ್ಲ ನಂಗೆ."

"ನಂದು ಎರಡೂ ಇದೆ."

ಇಬ್ಬರ ಮುಖದಲ್ಲೂ ಎಂಥ ನೆಮ್ಮದಿ! ಆರು ದಿನ ಜಗಳವಿಲ್ಲದೆ ಇಬ್ಬರೂ ಸೊರಗಿಹೋಗಿದ್ದರು. ಮಾತು ಏರುತ್ತ ಹೋಗಿ ಕೊನೆಗೆ ಇಂದ್ರಿಸ್ ಮದುಮಗನ ಕಡೆ ತಿರುಗಿ, "ಭಾವಾ, ನೀನೇ ಹೇಳು, ಯಾರದ್ದು ಸರಿ?" ಅಂದ.

ಮೇಲಿನ ಓಣಿ, ಕೆಳಗಿನ ಓಣಿ ಎರಡೂ ಅವನ ಕಡೆ ತಿರುಗಿದವು. ಯಿಮರ್ ಬೆವರಿದ.

"ಅವರನ್ನ ಯಾಕೆ ಕೇಳ್ತೀರಾ, ಬೇಯಿಸಿದೋಳು ನಾನು. ಉಪ್ಪು ಸರಿಯಾಗಿದೆ, ತಿನ್ನಿ" ಅಂದಳು ತೋಯ್ಬಾ.

ಎಲ್ಲರೂ ತಿಂದರು. ಯಿಮರ್ ಮೂರು ಸಲ ಹಾಕಿಸಿಕೊಂಡ.