ಎಡತೋಳು ಒಂದಿಂಚು ಗಿಡ್ಡ

ದೊಡ್ಡ ಬಟ್ಟೆಯಂಗಡಿಯ ದೂರು ಕೌಂಟರಿನಲ್ಲಿ ಹನ್ನೆರಡು ವರ್ಷ ನಿಂತವಳಿಗೆ ಮನುಷ್ಯರ ಮೇಲೆ ಅಂಥ ಭರವಸೆಯೇನೂ ಉಳಿದಿರಲಿಲ್ಲ. ತೊಟ್ಟು, ಬೆವರು ಆರುವ ಮುಂಚೆಯೇ ಮಡಿಸಿ ತಂದು ‘ಮುಟ್ಟಿಯೇ ಇಲ್ಲ’ ಎನ್ನುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಆ ಅಂಗಡಿ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ವ್ಯಾಪಾರ ಶುರುಮಾಡಿದಳು. ಕಾರ್ಖಾನೆಗಳಲ್ಲಿ ಮಿಕ್ಕ ಕೋಟುಗಳನ್ನು ಸಗಟು ವ್ಯಾಪಾರಿಯಿಂದ ಮೂಟೆಯಲ್ಲಿ ತರುವುದು, ಬಾಗಿಲಿಗೆ ನೇತುಹಾಕಿ ಫೋಟೋ ತೆಗೆಯುವುದು, ಆನ್‌ಲೈನಿನಲ್ಲಿ ಹಾಕುವುದು, ಆರ್ಡರ್ ಬಂದಂತೆ ಕೊರಿಯರಿಗೆ ಕೊಡುವುದು.

ಮೊದಲ ದಿನ ಬೆಲೆಪಟ್ಟಿಗೂ ಮುಂಚೆ ಅವಳು ಬರೆದದ್ದು ವಾಪಸಾತಿಯ ಷರತ್ತುಗಳನ್ನು. ಆಗ ನಾಲ್ಕೇ ಇದ್ದವು. ಯಾರೋ ಕಾಲರಿಗೆ ಪೌಡರ್ ಮೆತ್ತಿದ ಕೋಟನ್ನು ವಾಪಸ್ ಕಳಿಸಿದರು, ಐದನೆಯದು ಬಂತು. ಇನ್ನೊಬ್ಬ ಹೊಸ ಕೋಟು ಇಟ್ಟುಕೊಂಡು ತನ್ನ ಹಳೆಯದನ್ನು ಪೊಟ್ಟಣ ಕಟ್ಟಿ ಕಳಿಸಿದ, ಜೇಬಿನಲ್ಲಿದ್ದ ಬಸ್ ಟಿಕೆಟ್ ಸಮೇತ, ಆರನೆಯದು. ವರ್ಷ ತುಂಬುವಷ್ಟರಲ್ಲಿ ಹದಿನಾಲ್ಕಾದವು. ಮೂರು ದಿನದೊಳಗೆ ತಿಳಿಸಬೇಕು, ಹೊಲಿಗೆ ಬಿಚ್ಚಿರಬಾರದು ಎಂದೆಲ್ಲ ಶುರುವಾಗಿ, ‘ಸರಿಹೋಗಲಿಲ್ಲ’ ಎಂಬುದು ಕಾರಣವಲ್ಲ ಎನ್ನುವಲ್ಲಿಗೆ ಪಟ್ಟಿ ಮುಗಿಯುತ್ತಿತ್ತು.

ಪಾರ್ಸೆಲ್ ಕಟ್ಟಲು ಜೊತೆಗೆ ಕೂರುತ್ತಿದ್ದ ಅತ್ತೆ ಕನ್ನಡಕ ಏರಿಸಿಕೊಂಡು ಅದಷ್ಟನ್ನೂ ಓದಿದರು.

“ನಿನ್ನನ್ನ ಸೊಸೆಯಾಗಿ ತರೋವಾಗ ನಾನು ಒಂದು ಷರತ್ತೂ ಹಾಕಿರಲಿಲ್ಲ ಕಣೇ.”

“ಹಾಕಿದ್ರೆ ವಾಪಸ್ ಕಳಿಸ್ತಿದ್ರಾ ಅತ್ತೆ?”

“ಮೂರು ದಿನದೊಳಗೆ ಗೊತ್ತಾಗ್ಬೇಕಿತ್ತಲ್ಲ.”

ಅಂದಿನಿಂದ ಅವರ ಬಾಯಲ್ಲಿ ಅವಳು ಷರತ್ತಮ್ಮ.

ಚಳಿ ಶುರುವಾಗುವ ಹೊತ್ತಿಗೆ ಬೂದುಬಣ್ಣದ ನಲವತ್ತು ಉಣ್ಣೆ ಕೋಟುಗಳು ಬಂದವು. ಬಟ್ಟೆ ದಪ್ಪ, ಗುಂಡಿ ಚೆಂದ, ಬೆಲೆ ಕಡಿಮೆ. ಹಾಕಿದ್ದೇ ತಡ, ಖಾಲಿಯಾಗತೊಡಗಿದವು. ಮೂವರು ಮಾತ್ರ ‘ಯಾಕೋ ಸರಿಯಾಗಿ ಕೂರ್ತಿಲ್ಲ’ ಎಂದು ಬರೆದರು. ಅವಳು ಮೂವರಿಗೂ ಹದಿನಾಲ್ಕನೆಯ ಷರತ್ತನ್ನು ಕಳಿಸಿ ಸುಮ್ಮನಾದಳು.

ನಾಲ್ಕನೆಯವಳು ಏನೂ ಕೇಳದೆ ಕೋಟನ್ನೇ ಕಳಿಸಿಬಿಟ್ಟಳು. ಜೊತೆಗೊಂದು ಚೀಟಿ: “ಎಡತೋಳು ಗಿಡ್ಡ ಇತ್ತು. ಬಿಚ್ಚಿ, ಒಳಮಡಿಕೆ ಇಳಿಸಿ ಹೊಲಿದೆ. ಆದರೂ ಅರ್ಧ ಇಂಚು ಸಾಲದೆ ಬಂತು. ಹೊಲಿಗೆ ಬಿಚ್ಚಿದ್ದಕ್ಕೆ ವಾಪಸಿಲ್ಲ ಅಂತ ಗೊತ್ತು, ನೀವೇ ಇಟ್ಟುಕೊಳ್ಳಿ. ಬೇರೆಯವನ್ನೂ ಒಮ್ಮೆ ಅಳೆದು ನೋಡಿ.”

“ಇದೊಂದು ಹೊಸ ಆಟ,” ಎಂದಳು.

“ದುಡ್ಡೇ ಕೇಳದ ಆಟ ಯಾವುದೇ?” ಎಂದು ಅತ್ತೆ ಚೀಟಿಯನ್ನು ಇನ್ನೊಮ್ಮೆ ಓದಿದರು. “ಅಳತೆ ಟೇಪು ತಗೊಂಬಾ.”

ಮಾರಾಟವಾಗದೆ ಉಳಿದಿದ್ದವು ಹನ್ನೊಂದು. ಹನ್ನೊಂದರಲ್ಲೂ ಎಡತೋಳು ಒಂದಿಂಚು ಗಿಡ್ಡವಿತ್ತು. ಬಂದ ಬಟ್ಟೆಯ ಕಾಲರು, ಕಂಕುಳು, ಜೇಬು ನೋಡಿ ಗಿರಾಕಿಯ ತಪ್ಪನ್ನು ನಿಮಿಷದಲ್ಲಿ ಹಿಡಿಯುತ್ತಿದ್ದವಳು ಎರಡು ತೋಳುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿಯೇ ಇರಲಿಲ್ಲ. ಸಗಟು ವ್ಯಾಪಾರಿಗೆ ಫೋನ್ ಮಾಡಿದಳು.

“ಅಕ್ಕಾ, ಸರಿಯಾಗಿದ್ರೆ ಆ ರೇಟಿಗೆ ಯಾರು ಕೊಡ್ತಾರೆ? ಮಾರಿದ ಮಾಲು ವಾಪಸ್ ಇಲ್ಲ ಅಂತ ಬಿಲ್ ಮೇಲೇ ಇದೆ, ನೋಡಿ.”

ನೋಡಿದಳು. ಸಣ್ಣ ಅಕ್ಷರದಲ್ಲಿತ್ತು.

ಆ ಮಧ್ಯಾಹ್ನ ಕೋಟು ಕೊಂಡ ಎಲ್ಲರಿಗೂ ಬರೆದಳು: ಎಡತೋಳು ಗಿಡ್ಡವಿದೆ, ನಾನು ನೋಡದೆ ಮಾರಿದ್ದೇನೆ, ಬೇಡವಾದವರು ಯಾವ ಸ್ಥಿತಿಯಲ್ಲಿದ್ದರೂ ಕಳಿಸಿ, ಹಣ ಕೊಡುತ್ತೇನೆ.

“ಯಾವ ಸ್ಥಿತಿಯಲ್ಲಿದ್ರೂ ಅಂತೀಯಲ್ಲ, ಗೋಣಿಚೀಲ ಕಳಿಸಿದ್ರೆ?” ಎಂದರು ಅತ್ತೆ.

“ತೋಳಿದ್ರೆ ತಗೊಳ್ತೀನಿ.”

ಒಂಬತ್ತು ಕೋಟುಗಳು ವಾಪಸಾದವು. ಒಂದನ್ನು ಯಾರೋ ಬಿಸಿನೀರಲ್ಲಿ ಒಗೆದು ಮಗುವಿನ ಅಳತೆಗೆ ತಂದಿದ್ದರು. ಮಾತು ಕೊಟ್ಟ ಮೇಲೆ ಅದನ್ನೂ ತೆಗೆದುಕೊಂಡಳು. ನಿವೃತ್ತ ಮೇಷ್ಟರೊಬ್ಬರು ಫೋನ್ ಮಾಡಿ, “ನನ್ನ ಕೈಯೇ ಉದ್ದವಾಯ್ತೇನೋ ಅಂತ ಡಾಕ್ಟರಿಗೆ ತೋರಿಸೋಣ ಅಂತಿದ್ದೆ ತಾಯಿ. ಕೋಟು ಬೆಚ್ಚಗಿದೆ, ಇರ್ಲಿ ಬಿಡಿ,” ಎಂದರು. ಹಿಂದೆ ಅವಳು ನಿರಾಕರಿಸಿದ್ದ ಮೂವರಲ್ಲಿ ಇಬ್ಬರು ಕಳಿಸಿದರು. ಮೂರನೆಯವರಿಂದ ಒಂದೇ ಸಾಲು ಬಂತು: ‘ನಾನು ಬರೆದಾಗಲೇ ನೋಡಬಹುದಿತ್ತು.’ ಅವಳು ಪಟ್ಟಿ ತೆರೆದು ಹದಿನಾಲ್ಕನೆಯ ಷರತ್ತನ್ನು ಹೊಡೆದುಹಾಕಿದಳು.

ಚೀಟಿ ಬರೆದವಳಿಗೆ ಹಣ ಕಳಿಸಿ, ಫೋನ್ ಮಾಡಿ, ಉಳಿದ ತೋಳುಗಳನ್ನು ಸರಿಮಾಡಿಕೊಡುತ್ತೀರಾ ಎಂದು ಕೇಳಿದಳು.

“ಇಲ್ಲಮ್ಮ, ಹೊಲಿಗೆ ನನ್ನ ಕೆಲಸ ಅಲ್ಲ. ನಾನು ಕ್ರೇನ್ ಓಡಿಸ್ತೀನಿ. ಅಷ್ಟು ಮೇಲೆ ಕೂತಾಗ ಗಾಳಿ ತೋಳಿನೊಳಗೇ ನುಗ್ಗುತ್ತೆ, ಅದಕ್ಕೇ ಅಳತೆ ನೋಡೋದು.”

ಕೊನೆಗೆ ಬೀದಿ ತುದಿಯ ದರ್ಜಿ ಸುಲಭದ ದಾರಿ ಹೇಳಿದ. ಬಲತೋಳನ್ನೂ ಒಂದಿಂಚು ಮೊಟಕು ಮಾಡಿಕೊಟ್ಟ. ತೋಳಿನ ಅಳತೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಕಿದಳು. ಕೈ ಗಿಡ್ಡವಿದ್ದವರು ಲೋಕದಲ್ಲಿ ಕಡಿಮೆಯೇನಿಲ್ಲ. ಚಳಿ ಮುಗಿಯುವ ಮುಂಚೆ, ಒಗೆದು ಕುಗ್ಗಿದ ಒಂದನ್ನು ಬಿಟ್ಟು ಎಲ್ಲವೂ ಹೋದವು.

ಷರತ್ತುಗಳು ಈಗ ಐದೇ. ಕೊನೆಯದು, ಏನು ಸರಿಹೋಗಲಿಲ್ಲವೆಂದು ವಿವರವಾಗಿ ಬರೆಯಿರಿ ಎನ್ನುತ್ತದೆ. ಬರೆಯುವವರು ಪುಟಗಟ್ಟಲೆ ಬರೆಯುತ್ತಾರೆ, ಅವಳು ಅಳತೆ ಟೇಪು ಪಕ್ಕದಲ್ಲಿಟ್ಟುಕೊಂಡು ಓದುತ್ತಾಳೆ. ಮೊನ್ನೆ ಅತ್ತರಿನ ವಾಸನೆ ಗಮ್ಮೆನ್ನುವ ಒಂದು ಕೋಟು ‘ಬಣ್ಣ ಹಿಡಿಸಲಿಲ್ಲ, ತೊಟ್ಟೇ ಇಲ್ಲ’ ಎಂಬ ಒಕ್ಕಣೆಯೊಂದಿಗೆ ಬಂದಿತ್ತು. ಮೂಸಿ ನೋಡಿ, ಅದೇ ಪೊಟ್ಟಣದಲ್ಲಿ ತಿರುಗಿ ಕಳಿಸಿದಳು.